ಒಲ್ಲೆನೆಂದ ನೀರು

ಠಾಣೆ ಸ್ಟೇಷನ್ನಿನಿಂದ ಅಷ್ಟೇನೂ ದೂರವಿಲ್ಲದ ಒಂದು ಕಟ್ಟಡದ ಎರಡನೆಯ ಮಹಡಿ, ಹಾರ್ಮೋನಿನ ಡಾಕ್ಟರರ ಕೋಣೆ. ಅಲ್ಲಿ ಅಂದು ನಾವು ನಾಲ್ವರಿದ್ದೆವು. ಮೇಜಿನ ಆಚೆ ಡಾಕ್ಟರಬಾಯಿ. ಅವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ, ಇಲ್ಲಿಯ ಜನ ಕರೆಯುವಂತೆ ಡಾಕ್ಟರಬಾಯಿ ಎಂದೇ ಕರೆಯುತ್ತೇನೆ. ಮೂಲೆಯಲ್ಲಿ ರಕ್ತ ತೆಗೆಯುವ ಸಿಸ್ಟರ್. ಮೇಜಿನ ಈಚೆ ನಾನು. ನನ್ನ ಪಕ್ಕದಲ್ಲಿ, ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಬಟ್ಟೆಚೀಲ ಇಟ್ಟುಕೊಂಡು ಕುಳಿತ ಶಾಂತಕ್ಕ. ಡೊಂಬಿವಲಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನಿ.

ಹಿಂದಿನ ದಿನ ಡಾಕ್ಟರಬಾಯಿಯೇ ಫೋನ್ ಮಾಡಿ, "ರಿಪೋರ್ಟ್ ಬಂದಿದೆ, ನಾಳೆಯೇ ಬಾ, ಬರುವಾಗ ಮನೆಯವರು ಯಾರನ್ನಾದರೂ ಕರ್ಕೊಂಡು ಬಾ" ಎಂದಿದ್ದರು. ಮನೆಯವರು! ನನಗೆ ಇಲ್ಲಿ ಯಾರಿದ್ದಾರೆ ಎಂದು ಯೋಚಿಸುತ್ತ ಬಾಗಿಲಲ್ಲಿ ನಿಂತಿದ್ದಾಗ ಶಾಂತಕ್ಕ, "ನಾನೆಂತ ಸತ್ತಿದ್ದೇನಾ?" ಎಂದು ಕೇಳಿ ರೇಷ್ಮೆ ಸೀರೆಯನ್ನು ಕಪಾಟಿನಿಂದ ತೆಗೆದಿದ್ದರು.

ಡಾಕ್ಟರಬಾಯಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರೊಂದಿಗಿನ ಮಾತೆಲ್ಲ ಮರಾಠಿ, ಹಿಂದಿ ಬೆರೆತದ್ದು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಪೊಟ್ಯಾಷಿಯಂ ಏರಿದೆ. ಏನು ತಿಂತೀ ದಿನಾ? ಬಾಳೆಹಣ್ಣು? ಎಳನೀರು?"

ನಾನು ಬಾಯಿ ತೆರೆಯುವ ಮೊದಲೇ ಶಾಂತಕ್ಕ ಚೀಲಕ್ಕೆ ಕೈಹಾಕಿ ಒಂದು ದಪ್ಪ ಎಳನೀರನ್ನು ತೆಗೆದು ಮೇಜಿನ ಮೇಲಿಟ್ಟರು.

"ದಿನಾ ಒಂದು ಬೊಂಡ ಕೊಡ್ತೇನೆ ಡಾಕ್ಟ್ರೇ. ಇವತ್ತಿನದ್ದು ಇಲ್ಲುಂಟು."

ಡಾಕ್ಟರಬಾಯಿ ಆ ಕಾಯಿಯನ್ನು, ಯಾರೋ ಬಾಂಬು ತಂದಿಟ್ಟಂತೆ ನೋಡಿದರು. "ದಿನಾ ಯಾಕೆ?"

"ಮತ್ತೆ ಎಂತ ಮಾಡುದು? ಇವಳು ನಮ್ಮನೆ ನೀರು ಕುಡಿಯುದಿಲ್ಲ. ನಾವು ಮೀನು ಮಾಡುವವರು, ಇವಳು ಲಿಂಗ ಕಟ್ಟುವವರ ಪೈಕಿ. ಬೊಂಡದ ನೀರಿಗಾದ್ರೆ ಯಾರ ಕೈಯೂ ತಾಗಿರುದಿಲ್ಲ ನೋಡಿ."

ನನ್ನ ಕಿವಿಯಲ್ಲಿ ಲೋಕಲ್ ರೈಲು ಹಾದುಹೋದಂತಾಯಿತು. ಇಷ್ಟು ತಿಂಗಳು ಒಂದೇ ಸೂರಿನ ಕೆಳಗೆ ಇದ್ದು, ಈ ಹೆಂಗಸು ನನ್ನ ಬಗ್ಗೆ ಇದನ್ನು ನಂಬಿಕೊಂಡು, ನಂಬಿಯೂ ದಿನಾ ಸಂಜೆ ಕಾಯಿ ಕೆತ್ತಿಸಿ ತಂದಿಡುತ್ತಿದ್ದರು.

ಊರ ಕಡೆಯವರಿಗೆ ಇದು ಅರ್ಥವಾಗಬೇಕಾದರೆ ನಾನು ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ರೋಣದ ಕಡೆಯವಳು. ಹುಟ್ಟಿದಾಗ ಗಂಡುಮಗ ಎಂದು ಪೇಡೆ ಹಂಚಿದ್ದರಂತೆ. ಆ ಹೆಸರು ಈಗ ಬೇಡ, ನನ್ನ ಹೆಸರು ಗೌರಿ. ಬೆಳೆಸಿದವಳು ತಾಯಿಯ ತಾಯಿ, ನನ್ನ ಅಜ್ಜಿ. ಮಾತು ಕಲಿಸಿದವಳೂ ಅವಳೇ, ಮಾತಿಗೆ ಉಪ್ಪುಕಾರ ಹಾಕುವುದನ್ನು ಕಲಿಸಿದವಳೂ ಅವಳೇ. ಮನೆಗೆ ಯಾರು ಬಂದರೂ ಚಂಬು ತುಂಬ ನೀರು, ಒಂದು ಚೂರು ಬೆಲ್ಲ ಒಯ್ದು ಕೊಡುವುದು ನನ್ನ ಕೆಲಸವಾಗಿತ್ತು. ಒಮ್ಮೆ ನಾನು ಬೀಗರ ಮನೆಯಲ್ಲಿ ಆಟದ ಅವಸರದಲ್ಲಿ ನೀರು ಒಲ್ಲೆ ಎಂದಾಗ ಅಜ್ಜಿ ಅಲ್ಲಿಯೇ ತೊಡೆ ಚಿವುಟಿದ್ದಳು. "ನೀರ ಒಲ್ಲೆ ಅನಬಾರದು. ನೀರ ಒಲ್ಲೆ ಅಂದ್ರ ಮನಿಮಂದೀನ ಒಲ್ಲೆ ಅಂದಂಗ."

ಅಂಥ ಅಜ್ಜಿಯ ಕೈಯಲ್ಲಿ ಬೆಳೆದವಳು ಬಂದು ಇಳಿದದ್ದು ಡೊಂಬಿವಲಿಯಲ್ಲಿ. ಮೊದಲ ಬೆಳಿಗ್ಗೆ ಸ್ಟೇಷನ್ನಿನ ಸೇತುವೆಯ ಮೇಲೆ ನಾನು ನಡೆಯಲೇ ಇಲ್ಲ, ಜನರ ಕಾಲುಗಳೇ ನನ್ನನ್ನು ಒಯ್ದು ಪ್ಲಾಟ್‌ಫಾರ್ಮಿಗೆ ಇಳಿಸಿದವು. ನಮ್ಮೂರಲ್ಲಿ ಬಸ್ಸು ತಪ್ಪಿದರೆ ಚಹಾದಂಗಡಿಯವನು ಕರೆದು ಕೂಡಿಸುತ್ತಾನೆ. ಇಲ್ಲಿ ರೈಲು ತಪ್ಪಿದರೆ ಹಿಂದಿನವರು ನಿಮ್ಮನ್ನು ಮುಂದಿನ ರೈಲಿಗೆ ತುಂಬುತ್ತಾರೆ.

ಮನೆ ಹುಡುಕಿದ ಕಥೆ ಬೇರೆಯೇ ಇದೆ. ಬದಲಾಪುರದಲ್ಲಿ ಒಂದು ಸೊಸೈಟಿಯವರು "ಕಮಿಟಿಯಲ್ಲಿ ಕೇಳಿ ಹೇಳುತ್ತೇವೆ" ಎಂದರು. ಆ ಕಮಿಟಿ ಇನ್ನೂ ಕೂಡಿಲ್ಲ. ಕಲ್ಯಾಣದಲ್ಲಿ ಒಬ್ಬ ಯಜಮಾನಿ ನಾನು ಯಾರೆಂದು ತಿಳಿದ ಕೂಡಲೇ ಒಳಗೆ ಓಡಿಹೋದರು. ಬಾಗಿಲು ಹಾಕಿಕೊಂಡರು ಎಂದುಕೊಂಡೆ. ಇಲ್ಲ, ಎಳೆಯ ಮೊಮ್ಮಗನನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದರು. ಆಶೀರ್ವಾದ ಮಾಡಬೇಕಂತೆ. ಮಗುವಿಗೆ ನಾನು ಬೇಕು, ಬಾಡಿಗೆಗೆ ಬೇಡ! ಕೂಸಿನದೇನು ತಪ್ಪು, ತಲೆ ಮುಟ್ಟಿ ಚೆನ್ನಾಗಿರು ಎಂದು ಹೇಳಿ ಬಂದೆ.

ಶಾಂತಕ್ಕನ ಮನೆ ಸಿಕ್ಕಿದ್ದು ಆಮೇಲೆ. ಉಡುಪಿ ಕಡೆಯವರು, ಗಂಡ ಠಾಣೆಯ ಹೋಟೆಲೊಂದರ ಗಲ್ಲೆಯಲ್ಲಿ ಕುಳಿತು ಆಯುಷ್ಯ ಕಳೆದವರು, ಈಗಿಲ್ಲ. ಮಗಳು ಮದುವೆಯಾಗಿ ನೆರೂಳಿನಲ್ಲಿದ್ದಾಳೆ. ಮುಂದಿನ ಕೋಣೆ ಖಾಲಿ. ನಾನು ಎದೆ ಗಟ್ಟಿ ಮಾಡಿಕೊಂಡು ನನ್ನ ಸಂಗತಿಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ನಿನ್ನ ಮೈಯ ವಿಷಯ ಮಾರಾಯ್ತಿ. ನಂಗೆ ಒಂದು ಹೇಳು, ಮೀನಿನ ವಾಸನೆ ನಿಂಗೆ ಆಗ್ತದಾ?" ಎಂದರು. ಆಗುತ್ತದೆ ಎಂದೆ. ಆಗ ಅವರು ಒಳಗಿನಿಂದ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದರು. ಕರಾವಳಿಯವರಲ್ಲೂ ಅದೇ ರೂಢಿ ಎಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ತುಂಬಿತು.

ಆದರೂ ನಾನು ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಬೇಡ ಎಂದೆ.

ಕಾರಣ, ಗುಳಿಗೆ. ನಾನು ದಿನಾ ಎರಡು ಬಗೆಯ ಗುಳಿಗೆ ತೆಗೆದುಕೊಳ್ಳುತ್ತಿದ್ದೆ. ಒಂದು ಹೆಣ್ಣಿನ ಹಾರ್ಮೋನು. ಇನ್ನೊಂದು ಮೈಯಲ್ಲಿರುವ ಗಂಡಿನ ಹಾರ್ಮೋನನ್ನು ತಡೆಯುವುದು. ಎರಡನೆಯದು ಮೂಲದಲ್ಲಿ ಮೈಯ ನೀರಿಳಿಸುವ ಔಷಧಿ. ನುಂಗಿದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ನನ್ನ ಕೆಲಸವೋ ತುರ್ಭೆಯ ಒಂದು ಮಸಾಲೆ ಕಾರ್ಖಾನೆಯಲ್ಲಿ, ಬಂದ ಮೆಣಸಿನಕಾಯಿಯ ಬಣ್ಣ, ತೇವ ನೋಡಿ ಒಪ್ಪುವುದು. ಬ್ಯಾಡಗಿಯ ಗೋಣಿಚೀಲ ಬಿಚ್ಚಿದಾಗ ನಮ್ಮ ಕಡೆಯ ಗಾಳಿಯೇ ಎದ್ದುಬಂದು ಮೂಗಿಗೆ ಹೊಡೆಯುತ್ತದೆ. ಸೀನುತ್ತ ಸೀನುತ್ತ ನಗುತ್ತೇನೆ. ಆದರೆ ಅಲ್ಲಿಗೆ ಮುಟ್ಟಲು ಡೊಂಬಿವಲಿಯಿಂದ ಠಾಣೆಗೆ ಒಂದು ರೈಲು, ಅಲ್ಲಿಂದ ತುರ್ಭೆಗೆ ಇನ್ನೊಂದು. ಲೋಕಲ್ಲಿನಲ್ಲಿ ಶೌಚಾಲಯವಿಲ್ಲ. ಸ್ಟೇಷನ್ನಿನಲ್ಲಿದೆ, ಆದರೆ ಹೆಂಗಸರ ಬಾಗಿಲಲ್ಲಿ ಕುಳಿತವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಎದ್ದು ನಿಲ್ಲುತ್ತಾಳೆ. ಗಂಡಸರ ಬಾಗಿಲಿಗೆ ನಾನು ಹೋಗುವುದಿಲ್ಲ. ಕಾರ್ಖಾನೆಯಲ್ಲಿ ನನಗೆಂದು ಮೇಲಿನ ಆಫೀಸಿನ ಶೌಚಾಲಯವನ್ನು ಬಿಟ್ಟುಕೊಟ್ಟಿದ್ದರು, ಅದರ ಕೀಲಿ ಮ್ಯಾನೇಜರರ ಡ್ರಾಯರಿನಲ್ಲಿ. ಪ್ರತಿಸಲ ಹೋಗಿ, ನಾಲ್ಕು ಜನರೆದುರು ಕೈಚಾಚಿ "ಕೀಲಿ" ಎನ್ನಬೇಕು.

ಆದ್ದರಿಂದ ನಾನು ಸುಲಭದ ದಾರಿ ಹಿಡಿದೆ. ಬೆಳಗಿನಿಂದ ಸಂಜೆ ಮನೆ ಮುಟ್ಟುವವರೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಹೊರಡುವಾಗ ಶಾಂತಕ್ಕ ಚಹಾ, ನೀರು ಹಿಡಿದು ನಿಂತರೆ ಬೇಡ ಶಾಂತಕ್ಕ, ಹೊತ್ತಾಯ್ತು ಎನ್ನುತ್ತಿದ್ದೆ. ಸಂಜೆ ಬಂದು ನೇರ ನನ್ನ ಕೋಣೆಗೆ ಹೋಗಿ, ನನ್ನದೇ ಮಡಕೆಯ ನೀರನ್ನು ಗಟಗಟ ಕುಡಿಯುತ್ತಿದ್ದೆ. ಅವರ ಕಣ್ಣಿಗೆ ಅದು ಏನಾಗಿ ಕಂಡಿರಬೇಕು, ಈಗ ನೀವೇ ಹೇಳಿ.

ಒಂದು ಮಾತನ್ನು ಇಲ್ಲಿ ಬರೆಯದೆ ಇರಲಾರೆ. ಕನ್ನಡದಲ್ಲಿ "ನಾನು ಹೋಗುತ್ತೇನೆ" ಎಂದರೆ ಹೇಳಿದವರು ಹೆಣ್ಣೋ ಗಂಡೋ ತಿಳಿಯುವುದಿಲ್ಲ. ಎಷ್ಟೋ ವರ್ಷ ನಾನು ಆ ಮಾತಿನ ಮರೆಯಲ್ಲಿ ತಂಪಾಗಿ ಕುಳಿತಿದ್ದೆ. ಮರಾಠಿಯಲ್ಲಿ ಆ ನೆರಳಿಲ್ಲ. ಗಂಡು "ಜಾತೋ" ಎನ್ನಬೇಕು, ಹೆಣ್ಣು "ಜಾತೇ". ಬಾಯಿ ಬಿಟ್ಟರೆ ಬಯಲು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೊದಲ ಸಲ ಯಾರೋ ಎಲ್ಲಿ ಇಳಿಯುತ್ತೀ ಎಂದು ಕೇಳಿದಾಗ, ಠಾಣೆಗೆ ಮೊದಲಿನ ಕಳವಾ ಸ್ಟೇಷನ್ ದಾಟುವವರೆಗೆ ಉಗುಳು ನುಂಗಿ, ಕೊನೆಗೆ "ಮೀ ಠಾಣ್ಯಾಲಾ ಉತರತೇ" ಎಂದೆ. ಇಳಿಯುತ್ತೇನೆ, ಹೆಣ್ಣಾಗಿ. ಕೇಳಿದವಳು ತಿರುಗಿಯೂ ನೋಡದೆ, "ಹಾಗಾದರೆ ಬಾಗಿಲ ಕಡೆ ಸರಿ, ಇಲ್ಲಾಂದ್ರೆ ಮುಲುಂಡಿಗೆ ಹೋಗ್ತೀ" ಎಂದಳು. ಅಂದು ನನಗಾದ ಹೆಮ್ಮೆಯನ್ನು ಯಾವ ಸನ್ಮಾನವೂ ಕೊಡಲಾರದು.

ಈಗ ಮತ್ತೆ ಆ ಕೋಣೆಗೆ ಬರೋಣ. ಮೇಜಿನ ಮೇಲೆ ಎಳನೀರು. ಎಲ್ಲರ ಕಣ್ಣು ನನ್ನ ಮೇಲೆ.

"ಜಾತಿಯಲ್ಲ ಶಾಂತಕ್ಕ" ಎಂದೆ, ಕನ್ನಡದಲ್ಲಿಯೇ. ಆಮೇಲೆ ಡಾಕ್ಟರಬಾಯಿಯ ಕಡೆ ತಿರುಗಿ, ನನಗೆ ಬರುವ ಮರಾಠಿಯಲ್ಲಿ, ಬರದಿದ್ದ ಕಡೆ ಹಿಂದಿಯಲ್ಲಿ, ರೈಲು, ಬಾಗಿಲು, ಕೀಲಿ, ಮಡಕೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಶಾಂತಕ್ಕ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಡಾಕ್ಟರಬಾಯಿ ಪೆನ್ನಿನ ಮುಚ್ಚಳ ಹಾಕಿದರು.

"ನೀರು ಕುಡಿಯದೆ ಇದನ್ನು ನುಂಗುತ್ತಿದ್ದೆಯಾ? ಮೇಲೆ ದಿನಾ ಎಳನೀರು! ಈ ಗುಳಿಗೆ ಪೊಟ್ಯಾಷಿಯಂ ಅನ್ನು ಮೈಯಲ್ಲೇ ಹಿಡಿದಿಡುತ್ತದೆ, ಎಳನೀರು ಇನ್ನಷ್ಟು ತುಂಬುತ್ತದೆ. ಮಿತಿ ಮೀರಿದರೆ ಹೃದಯವೇ ನಿಲ್ಲುತ್ತದೆ, ತಿಳಿಯಿತೇ? ಬಂದ ಕೂಡಲೇ ತೆಗೆದ ಇಸಿಜಿ ಸರಿ ಇದೆ, ನಿನ್ನ ಪುಣ್ಯ." ಉಸಿರು ತೆಗೆದುಕೊಂಡು, "ಎರಡೂ ಗುಳಿಗೆ ಬಂದ್. ಒಂದು ತಿಂಗಳು. ಆಮೇಲೆ ನೋಡೋಣ" ಎಂದರು.

"ಒಲ್ಲೆ."

ಕನ್ನಡವೇ ಬಾಯಿಂದ ಬಿತ್ತು. ಡಾಕ್ಟರಬಾಯಿ "ಕಾಯ್?" ಎಂದರು. ಏನಂದೆ ಎಂದು.

"ಇಲ್ಲ ಮೇಡಂ, ಎರಡೂ ಬಿಡಲಾರೆ."

ನಾನು ಹುಟ್ಟಿದಾಗಿನಿಂದ ಡಾಕ್ಟರರ ಮುಂದೆ ಹೂಂ ಎಂದಲ್ಲದೆ ಮತ್ತೇನೂ ಅಂದವಳಲ್ಲ. ಹಿಂದಿನ ಭೇಟಿಯಲ್ಲಿ ಇವರು ಆ ನೀರಿನ ಗುಳಿಗೆಯನ್ನು ಹೆಚ್ಚು ಮಾಡಿದಾಗಲೂ ಹೂಂ ಎಂದಿದ್ದೆ. ಎದುರಾಡಿದರೆ ಬಾಗಿಲು ಮುಚ್ಚಿಬಿಟ್ಟಾರೆಂಬ ಭಯ. ನಮ್ಮ ಊರಲ್ಲಿ ನಾನು ಈ ಮಾತು ಎತ್ತಿದಾಗ ಅಲ್ಲಿಯ ಡಾಕ್ಟರರು ಔಷಧಿ ಕೊಡುವ ಬದಲು ಅಪ್ಪನಿಗೆ ಹೇಳಿಕಳಿಸಿದ್ದರು. ಈ ಗುಳಿಗೆಗಾಗಿಯೇ ಊರು ಬಿಟ್ಟವಳು ನಾನು. ಕನ್ನಡಿಯಲ್ಲಿ ಈಚೆಗಷ್ಟೇ ಗುರುತು ಸಿಕ್ಕಿದ ಹೆಣ್ಣುಮಗಳನ್ನು ಒಂದು ತಿಂಗಳು ಹೊರಗೆ ನಿಲ್ಲು ಎಂದರೆ ಹೇಗೆ?

"ನೀರಿಳಿಸುವುದನ್ನು ನಿಲ್ಲಿಸಿ ಮೇಡಂ. ಅದನ್ನು ಬದಲಿಸಿ ಎಂದು ಕೇಳಲು ನಾನೇ ಧೈರ್ಯ ಹುಡುಕುತ್ತಿದ್ದೆ. ಆದರೆ ಇನ್ನೊಂದು ಏನು ಮಾಡಿತು? ಪೊಟ್ಯಾಷಿಯಂ ಏರಿಸಿದ್ದು ಅದಲ್ಲವಲ್ಲ?"

"ಅಗ, ನೀರಿಲ್ಲದೆ ಒಣಗಿದ ಮೈಗೆ ಅದೂ ಒಳ್ಳೆಯದಲ್ಲ. ರಕ್ತ ಹೆಪ್ಪುಗಟ್ಟೀತು. ನಾನು ಸುಮ್ಮನೆ ಹೇಳುತ್ತಿಲ್ಲ."

"ಹಾಗಾದರೆ ತಪ್ಪು ಗುಳಿಗೆಯದಲ್ಲ, ನೀರಿನದು. ನೀರು ಕುಡಿಯುತ್ತೇನೆ. ನೀರು ಕುಡಿಯಲಿಕ್ಕೆ ಬಿಡುವ ಔಷಧಿ ಕೊಡಿ."

"ಪ್ರತಿಯೊಬ್ಬರೂ ಇಲ್ಲಿಗೆ ಬಂದು ತಮ್ಮ ಔಷಧಿ ತಾವೇ ಆರಿಸಿದರೆ ನಾನು ಯಾಕಿರಬೇಕು?"

"ನೀವು ಬೇಕು ಮೇಡಂ. ನೀವು ಬೇಡವಾಗಿದ್ದರೆ ಯಾವುದಾದರೂ ಅಂಗಡಿಯಲ್ಲಿ ಕೇಳಿ ತಿನ್ನುತ್ತಿದ್ದೆ. ನೀವು ನನ್ನ ಎಲ್ಲವನ್ನೂ ಕೇಳಿದಿರಿ, ನಿದ್ದೆ, ಮನಸ್ಸು, ಎದೆನೋವು. ದಿನಾ ಹೇಗೆ ಓಡಾಡುತ್ತೀ ಎಂದು ಮಾತ್ರ ಕೇಳಲಿಲ್ಲ."

ಸಿಸ್ಟರ್ ಕಿಟಕಿಯ ಕಡೆ ನೋಡುತ್ತಿದ್ದರು. ಶಾಂತಕ್ಕ ಮೇಜಿನ ಕೆಳಗೆ ನನ್ನ ಕೈ ಹಿಡಿದರು. ಅವರ ಕೈ ತಣ್ಣಗಿತ್ತು.

ಡಾಕ್ಟರಬಾಯಿ ಕೋಪ ಪೂರ್ತಿ ಇಳಿಯದ ದನಿಯಲ್ಲಿಯೇ ಹೇಳಿದರು: "ನಾನು ಕಲ್ಯಾಣದವಳು. ಓದುವಾಗ ದಿನಾ ಲೋಕಲ್ಲಿನಲ್ಲೇ ಹೋಗುತ್ತಿದ್ದೆ. ನಮ್ಮ ಡಬ್ಬಿಯಲ್ಲಿ ಯಾವ ಹುಡುಗಿಯೂ ಮನೆಯಿಂದ ನೀರು ಕುಡಿದು ಹೊರಡುತ್ತಿರಲಿಲ್ಲ. ನನಗೆ ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದಿತ್ತು." ಸಿಸ್ಟರ್, "ಈಗಲೂ ಯಾರು ಕುಡೀತಾರೆ ಮೇಡಂ?" ಎಂದರು, ಕಿಟಕಿಯ ಕಡೆಯಿಂದಲೇ.

ನನಗೆ ಅಚ್ಚರಿಯಾಯಿತು. ಇದು ನನ್ನೊಬ್ಬಳ ಪಾಡು, ನನ್ನಂಥವರ ಗ್ರಹಚಾರ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಇಡೀ ಲೇಡೀಸ್ ಡಬ್ಬಿಯೇ ಬಾಯಾರಿ ನಿಂತಿದೆ. ನಾನು ಯಾರಿಗೂ ಅರ್ಜಿ ಹಾಕದೆ ಅವರ ಸಾಲಿಗೆ ಸೇರಿಹೋಗಿದ್ದೆ.

ಆಮೇಲೆ ನಡೆದದ್ದು ಸಂತೆಯ ಚೌಕಾಸಿಯ ಹಾಗೆಯೇ. ನೀರಿನ ಗುಳಿಗೆ ಆ ದಿನದಿಂದಲೇ ಬಂದ್. ಹೆಣ್ಣಿನ ಹಾರ್ಮೋನು ಇರಲಿ, ಆದರೆ ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡಬೇಕು. ನೀರು ಕುಡಿದಿಲ್ಲವೆಂದು ಗೊತ್ತಾದರೆ ಅದೂ ಬಂದ್. ತಡೆಯುವ ಬೇರೆ ಔಷಧಿಯನ್ನು ಈಗಲೇ ಕೊಡಿ ಎಂದು ನಾನು ಹಟ ಹಿಡಿದೆ. ಅವರು ಸುತರಾಂ ಒಪ್ಪಲಿಲ್ಲ. ಅದಕ್ಕೂ ಅದರದೇ ಅಪಾಯಗಳಿವೆ, ಯಕೃತ್ತಿನ ಪರೀಕ್ಷೆಯಾಗಬೇಕು, ರಕ್ತ ಮೊದಲು ಹದಕ್ಕೆ ಬರಲಿ, ಆಮೇಲೆ ಕಡಿಮೆ ಪ್ರಮಾಣದಿಂದ ಶುರು ಎಂದರು. ಅಲ್ಲಿ ನಾನು ಸೋತೆ. ಸೋತದ್ದು ಸರಿಯಾಗಿಯೇ ಇತ್ತು.

ಎದ್ದಾಗ ಡಾಕ್ಟರಬಾಯಿ ಎಳನೀರಿನತ್ತ ಬೆರಳು ತೋರಿದರು. "ಇದನ್ನು ಒಯ್ಯಿರಿ. ಇವಳಿಗೆ ಕೊಡಬೇಡಿ."

"ಸಿಸ್ಟರ್‌ಗೆ ಇರ್ಲಿ" ಎಂದರು ಶಾಂತಕ್ಕ. "ಅವ್ರಿಗೆ ಪೊಟ್ಯಾಷಿಯಂ ಎಂತ ಇಲ್ವಲ್ಲ?"

ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುವಾಗ ಶಾಂತಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಮಾತಾಡದ ಶಾಂತಕ್ಕ ಎಂದರೆ ಉಪ್ಪಿಲ್ಲದ ಮೀನುಸಾರು. ಕೊನೆಗೆ ಅವರೇ ಶುರುಮಾಡಿದರು.

"ಇಷ್ಟು ತಿಂಗಳು ನಿಂಗೆ ಎಷ್ಟು ಬೈದಿದ್ದೇನೆ ಗೊತ್ತುಂಟಾ?"

"ಯಾರ ಮುಂದ ಬೈದ್ರಿ?"

"ದೇವರ ಹತ್ರ. ಮಗಳ ಹತ್ರ. ಮೀನಿನ ಮಾರ್ಕೆಟಿನಲ್ಲಿ ಸಹ."

"ಮಾರ್ಕೆಟ್ಟಿನ್ಯಾಗೂ?"

"ಅವಳಿಗೆ ನಮ್ಮ ನೀರು ಆಗುದಿಲ್ಲಂತೆ, ಸೊಕ್ಕು ನೋಡಿ ಅಂತ. ಹಾಗೆ ಬೈದು ಅಲ್ಲಿಂದ್ಲೇ ನಿಂಗೆ ಬೊಂಡ ತಕ್ಕೊಂಡು ಬರ್ತಿದ್ದೆ." ನಕ್ಕರು. ನಗುತ್ತಲೇ ಕಣ್ಣೊರಸಿಕೊಂಡರು. "ಬಾಯಿ ಬಿಟ್ಟು ಒಂದು ಮಾತು ಕೇಳ್ಬಹುದಿತ್ತು ನಾನು."

"ನಾನೂ ಹೇಳಬಹುದಿತ್ತರೀ."

ಮನೆಗೆ ಬಂದ ಮೇಲೆ ಅವರು ಚಪ್ಪಲಿ ಕಳಚಿದ್ದೇ ನೇರ ಅಡುಗೆಮನೆಗೆ ಹೋದರು. ತಂಬಿಗೆ, ಬೆಲ್ಲ ಬಂತು. ನಾನು ಮೊದಲ ದಿನದ ಬಾಕಿಯನ್ನೂ ಸೇರಿಸಿ ಕುಡಿದೆ.

ರಕ್ತ ಹದಕ್ಕೆ ಬಂತು. ತಿಂಗಳು ಕಳೆದ ಮೇಲೆ ಹೊಸ ಔಷಧಿ, ಇರುವೆಗೆ ಹಾಕುವಷ್ಟು ಚಿಕ್ಕ ಪ್ರಮಾಣದಲ್ಲಿ ಶುರುವಾಯಿತು. ಡಾಕ್ಟರಬಾಯಿಯೊಂದಿಗೆ ನಾನು ಈಗಲೂ ಜಗಳಾಡುತ್ತೇನೆ. ಅವರೂ ಬಿಡುವುದಿಲ್ಲ. ಆದರೆ ಈಗ ಒಳಗೆ ಹೋದ ಕೂಡಲೇ ಅವರು ಕೇಳುವ ಮೊದಲ ಮಾತು, "ಅಗ, ಇವತ್ತು ರೈಲಿನಲ್ಲಿ ಕೂರಲು ಜಾಗ ಸಿಕ್ಕಿತೇ?" ಮರಾಠಿಯಲ್ಲಿ ಗಂಡಿಗೆ "ಅರೇ", ಹೆಣ್ಣಿಗೆ "ಅಗ". ಬೈಯುವಾಗಲೂ ಅವರು ಒಮ್ಮೆಯೂ ತಪ್ಪಿದವರಲ್ಲ.

ಆ ಕೋಣೆಯಲ್ಲಿ ಒಲ್ಲೆ ಎಂದ ಬಾಯಿಗೆ ರುಚಿ ಹತ್ತಿತೆಂದು ತೋರುತ್ತದೆ. ಕಾರ್ಖಾನೆಯ ಮ್ಯಾನೇಜರರ ಎದುರು ನಿಂತು, ಕೀಲಿಯ ಇನ್ನೊಂದು ಪ್ರತಿ ನನ್ನ ಕೈಗೆ ಬೇಕು ಎಂದೆ. ಅವರು ಒಂದಷ್ಟು ತಲೆ ಕೆರೆದುಕೊಂಡು ಮಾಡಿಸಿಕೊಟ್ಟರು. ಅದು ನನ್ನ ಪರ್ಸಿನಲ್ಲಿದೆ, ಶಾಂತಕ್ಕನ ಮನೆಯ ಕೀಲಿಯ ಜೊತೆಗೆ. ಎರಡೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಬೆಳಿಗ್ಗೆ ಒಂದು ತಂಬಿಗೆ ನೀರು ಕುಡಿದು ಹೊರಡುತ್ತೇನೆ.

ಇಲ್ಲಿ ಪರಿಚಯವಾದ ಯಾರೇ ಆಗಲಿ, ಎರಡನೆಯ ಮಾತಿಗೆ "ಗಾವ್ ಕೋಣತಂ?" ಎಂದು ಕೇಳುತ್ತಾರೆ. ಗಾವ್ ಎಂದರೆ ಊರು. ಆದರೆ ಇರುವ ಊರಲ್ಲ, ಬಿಟ್ಟು ಬಂದ ಊರು. ನಾನು ರೋಣ ಎನ್ನುತ್ತೇನೆ. ಹೋಗಿ ಬರ್ತೀಯಾ ಎಂದರೆ ಮಾತು ಬದಲಿಸುತ್ತೇನೆ. ಅಜ್ಜಿ ಫೋನಿನಲ್ಲಿ, "ಬಾರವಾ, ಕತ್ತಲಾದ ಮ್ಯಾಲ ಇಳಿಯೋ ಬಸ್ಸಿಗೆ ಬಾ" ಎಂದಿದ್ದಳು. ಅವಳ ಕಷ್ಟ ನನಗೆ ತಿಳಿಯುತ್ತದೆ, ಆ ಓಣಿಯಲ್ಲಿ ಅವಳು ದಿನಾ ಮುಖ ಎತ್ತಿ ನಡೆಯಬೇಕು. ಆದರೆ ಹಗಲಲ್ಲಿ ಇಳಿಯಲಾಗದ ಊರಿಗೆ ನಾನು ಹೋಗಲಿಲ್ಲ. ಬ್ಯಾಡಗಿಯ ಚೀಲ ಬಿಚ್ಚಿದಾಗ ಎರಡು ನಿಮಿಷ ಊರಲ್ಲಿರುತ್ತೇನೆ, ಸೀನು ಬಂದ ಮೇಲೆ ತುರ್ಭೆಯಲ್ಲಿರುತ್ತೇನೆ. ಶಾಂತಕ್ಕನ ಕುಚ್ಚಲಕ್ಕಿ ಅನ್ನಕ್ಕೆ ನಾಲಿಗೆ ಒಗ್ಗಿದೆ, ಕೈ ಮಾತ್ರ ಇನ್ನೂ ರೊಟ್ಟಿ ಮುರಿಯುವ ಹಾಗೆಯೇ ತಟ್ಟೆಗೆ ಹೋಗುತ್ತದೆ.

ಇದೆಲ್ಲ ಆಗಿ ಕೆಲವು ತಿಂಗಳಿಗೆ ಅಜ್ಜಿಯೇ ಬಂದಳು. ಗದಗದ ರೈಲಿಗೆ ಯಾರನ್ನೋ ಜೊತೆಮಾಡಿಕೊಂಡು ಕಲ್ಯಾಣದಲ್ಲಿ ಇಳಿದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಸೊರಗಿಲ್ಲ, ಛಲೋ ಆತು" ಎಂದಳು. ಅಷ್ಟೇ.

ಮನೆಯೊಳಗೆ ಕಾಲಿಟ್ಟಾಗ ಒಲೆಯ ಮೇಲೆ ಬಂಗುಡೆ ಕುದಿಯುತ್ತಿತ್ತು. ಅಜ್ಜಿ ಮೂಗಿಗೆ ಸೆರಗು ಹಿಡಿಯಲಿಲ್ಲ, ಆದರೆ ಕೈ ಅರ್ಧಕ್ಕೆ ಏರಿ ನಿಂತದ್ದನ್ನು ನಾನು ಕಂಡೆ. ಶಾಂತಕ್ಕ ತಂಬಿಗೆ, ಬೆಲ್ಲ ತಂದು ಅವಳ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಅಜ್ಜಿ ತನ್ನ ಆಯುಷ್ಯದಲ್ಲಿ ಮೀನು ಬೇಯಿಸುವ ಮನೆಯ ನೀರನ್ನು ಮುಟ್ಟಿದವಳಲ್ಲ.

ಅವಳು ತಂಬಿಗೆಯನ್ನು ನೋಡಿದಳು, ಶಾಂತಕ್ಕನನ್ನು ನೋಡಿದಳು.

"ನಮ್ಮ ಮೊಮ್ಮಗಳು ಕುಡೀತಾಳೇನ್ರಿ ಇದನ್ನ?"

ಮೊಮ್ಮಗಳು ಎಂದು ಅವಳು ಬಾಯಿತುಂಬ ಅಂದದ್ದು, ಅದೂ ಇನ್ನೊಬ್ಬರೆದುರು, ಅದೇ ಮೊದಲು.

"ದಿನಾ ಕುಡೀತಾಳೆ ಅಮ್ಮ" ಎಂದರು ಶಾಂತಕ್ಕ.

ಅಜ್ಜಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ತಂಬಿಗೆಯನ್ನು ಎತ್ತಿ, ನಡುವೆ ಎಲ್ಲಿಯೂ ನಿಲ್ಲಿಸದೆ ಕುಡಿದಳು. ಆಮೇಲೆ ಖಾಲಿ ತಂಬಿಗೆಯನ್ನು ಶಾಂತಕ್ಕನ ಕಡೆ ಚಾಚಿ, ಇನ್ನೊಂದಿಷ್ಟು ಕೇಳಿದಳು.